ಮಗ ಸಿಗದಿದ್ದರೆ ತಂದೆಯನ್ನು ಕರೆದೊಯ್ಯಬಹುದೇ?

ಪ್ರಶ್ನೆ: ನಾನು ಹುಮನಾಬಾದ್ ತಾಲ್ಲೂಕಿನ ಹಳ್ಳಿಯವಳು. ಹೊಲದ ಬದುವಿನ ಜಗಳದಲ್ಲಿ ನನ್ನ ತಮ್ಮನ ಮೇಲೆ ಹೊಡೆದಾಟದ ಪ್ರಕರಣ ದಾಖಲಾಗಿದೆ. ಕಳೆದ ವಾರ ರಾತ್ರಿ ಒಂದು ಗಂಟೆಗೆ ಪೊಲೀಸರು ಮನೆಯೊಳಗೆ ಬಂದು ಅವನನ್ನು ಹುಡುಕಿ, ಅಲಮಾರಿನ ಕಾಗದಪತ್ರಗಳನ್ನೆಲ್ಲ ಕೆದಕಿ, ಅವನು ಸಿಗದಿದ್ದಾಗ ‘ಮಗ ಬಂದರೆ ಬಿಡುತ್ತೇವೆ’ ಎಂದು 64 ವರ್ಷದ ತಂದೆಯನ್ನು ಠಾಣೆಗೆ ಕರೆದೊಯ್ದರು. ಮರುದಿನ ಸಂಜೆ ಕಳುಹಿಸಿದರು. ವಾರಂಟ್ ಇಲ್ಲದೆ ಹೀಗೆ ಮಾಡಬಹುದೇ?

ಉತ್ತರ: ಮನೆ ಪ್ರವೇಶದ ಮಟ್ಟಿಗೆ ಕಾನೂನು ತಾವು ಭಾವಿಸಿರುವಷ್ಟು ಬಿಗಿಯಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 44ರ ಪ್ರಕಾರ, ಬಂಧಿಸುವ ಅಧಿಕಾರವಿರುವ ಪೊಲೀಸ್ ಅಧಿಕಾರಿಗೆ ಆರೋಪಿ ಒಂದು ಮನೆಯೊಳಗಿದ್ದಾನೆಂದು ನಂಬಲು ಕಾರಣವಿದ್ದರೆ, ಮನೆಯವರು ಒಳಗೆ ಬಿಡಬೇಕು. ತಾನು ಯಾರು, ಬಂದ ಉದ್ದೇಶವೇನು ಎಂದು ತಿಳಿಸಿ ಕೇಳಿದ ಮೇಲೂ ಬಿಡದಿದ್ದರೆ ಬಾಗಿಲು ಒಡೆಯಲೂಬಹುದು. ಗಂಡಸರ ಬಂಧನಕ್ಕೆ ಹೊತ್ತಿನ ನಿರ್ಬಂಧವಿಲ್ಲ. ಸೂರ್ಯಾಸ್ತದ ನಂತರ ಸೂರ್ಯೋದಯದೊಳಗೆ, ಅಸಾಧಾರಣ ಸಂದರ್ಭದ ಹೊರತು, ಬಂಧಿಸಬಾರದೆಂಬುದು ಹೆಂಗಸರಿಗೆ ಮಾತ್ರ ಅನ್ವಯಿಸುತ್ತದೆ.

ಆದರೆ ಪ್ರವೇಶಕ್ಕೂ ಮೊದಲೇ ಕೇಳಬೇಕಾದ ಪ್ರಶ್ನೆ ಬಂಧನ ಅಗತ್ಯವಿತ್ತೇ ಎಂಬುದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧಿಸಲು ಕಲಂ 35ರಲ್ಲಿ ಹೇಳಿರುವ ಕಾರಣಗಳನ್ನು ಬರೆದಿಡಬೇಕು. ಬಂಧನ ಬೇಡವಾದರೆ ಹಾಜರಾಗಲು ನೋಟಿಸ್ ಕೊಡಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯಾಂತ್ರಿಕವಾಗಿ ಬಂಧಿಸುವ ರೂಢಿಯನ್ನು ಖಂಡಿಸಿದ್ದು ಇದೇ ಕಾರಣಕ್ಕೆ. ತಮ್ಮನಿಗೆ ನೋಟಿಸ್ ಬಂದಿತ್ತೇ ಎಂಬುದನ್ನು ತಾವು ಬರೆದಿಲ್ಲ. ವಕೀಲರು ಮೊದಲು ಕೇಳುವುದು ಅದನ್ನೇ.

ಮನುಷ್ಯನನ್ನು ಹುಡುಕಲು ಬಂದವರು ಅಲಮಾರಿಗೆ ಕೈ ಹಾಕಿದ್ದು ಬೇರೆಯೇ ಮಾತು. ಅಲಮಾರಿನ ಕಾಗದಗಳ ನಡುವೆ ಆರೋಪಿ ಅಡಗಿರಲಾರ. ವಸ್ತು ಶೋಧನೆಗೆ ವಾರಂಟ್ ಬೇಕು, ಇಲ್ಲವೇ ಕಲಂ 185ರಂತೆ ತನಿಖಾಧಿಕಾರಿ ಮುಂಚಿತವಾಗಿ ಕಾರಣ ಬರೆದು, ಅದರ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಶೋಧನೆಯ ವಿಡಿಯೊ ಚಿತ್ರೀಕರಣವೂ ಈಗ ಕಡ್ಡಾಯ.

ಇನ್ನು ತಂದೆಯವರ ವಿಷಯ. ಮಗನಿಗೆ ಬದಲಾಗಿ ತಂದೆಯನ್ನು ಒತ್ತೆಯಿಡುವ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಸಾಕ್ಷಿಯೆಂದು ಕರೆದೆವು ಎನ್ನುವ ಸಬೂಬೂ ನಿಲ್ಲದು, ಏಕೆಂದರೆ ಕಲಂ 179ರ ಪ್ರಕಾರ 60 ವರ್ಷ ಮೀರಿದವರನ್ನು ಅವರ ವಾಸಸ್ಥಳದಲ್ಲಿಯೇ ವಿಚಾರಿಸಬೇಕು; ತಾವಾಗಿ ಇಚ್ಛಿಸಿದರೆ ಮಾತ್ರ ಅವರು ಠಾಣೆಗೆ ಹೋಗಬಹುದು. ಬಂಧನವೇ ಆಗಿದ್ದಲ್ಲಿ ಕಾರಣ ತಿಳಿಸಿ, ಸಾಕ್ಷಿಯ ಸಹಿಯುಳ್ಳ ಬಂಧನ ಪತ್ರ ಬರೆಯಬೇಕಿತ್ತು.

ಸದ್ಯ ತಾವು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಹಿಳೆಯಾದ್ದರಿಂದ ತಮಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಬೀದರ್‌ನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಿ, ಅಥವಾ 15100ಕ್ಕೆ ಕರೆ ಮಾಡಿ. ತಮ್ಮನು ತಲೆಮರೆಸಿಕೊಳ್ಳುವ ಬದಲು ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿಗೆ, ಅರ್ಜಿ ಹಾಕಲಿ. ಮತ್ತೆ ಯಾರನ್ನಾದರೂ ಹೀಗೆ ಕೂಡಿಹಾಕಿದರೆ, ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೆ, ಅಂದರೆ ಅಕ್ರಮವಾಗಿ ಕೂಡಿಹಾಕಿದವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ಕೋರುವ ಅರ್ಜಿಗೆ, ಅವಕಾಶವಿದೆ. ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಆ ರಾತ್ರಿಯಿಂದ ಮರುದಿನ ಸಂಜೆಯವರೆಗಿನ ದೃಶ್ಯಗಳನ್ನು ಅಳಿಸದೆ ಕಾಯ್ದಿಡಬೇಕೆಂಬ ಕೋರಿಕೆಯನ್ನು ಅದೇ ದೂರಿನಲ್ಲಿ, ತಡಮಾಡದೆ, ಸೇರಿಸಿರಿ.