ಓದುಗರ ಪ್ರಶ್ನೆ: ಒಂಟಿ ಮನೆಗೆ ಜೊತೆಗಾರ್ತಿ

ಪ್ರಶ್ನೆ: ನಾನು ತುಮಕೂರಿನ ಕುವೆಂಪುನಗರದಲ್ಲಿ ಸ್ವಂತ ಮನೆಯಲ್ಲಿ ಒಬ್ಬಳೇ ಇದ್ದೇನೆ. ವಯಸ್ಸು 67, ಪತಿ ತೀರಿಕೊಂಡಿದ್ದಾರೆ, ಮಗ ಹೈದರಾಬಾದಿನಲ್ಲಿದ್ದಾನೆ. ಕುಟುಂಬ ಪಿಂಚಣಿಯಲ್ಲಿ ಊಟ, ಔಷಧಿಗೆ ತೊಂದರೆಯಿಲ್ಲವಾದರೂ ಮನೆಯ ರಿಪೇರಿ, ಕಂದಾಯ ಎದುರಾದಾಗ ಕೈ ಬಿಗಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಒಬ್ಬಳೇ ಇರಲು ಭಯವಾಗುತ್ತದೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ, ಶಿರಾ ಕಡೆಯ ಮಧ್ಯವಯಸ್ಸಿನ ಮಹಿಳೆಯೊಬ್ಬರಿಗೆ ಒಂದು ಕೋಣೆ ಕೊಟ್ಟು, ಮನೆಗೆಲಸದಲ್ಲಿ ನೆರವಾದರೆ ಬಾಡಿಗೆ ಕಡಿಮೆ ಮಾಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ ಆಗಿಬಿಡುತ್ತದೆ ಎಂದು ತಮ್ಮ ಹೆದರಿಸುತ್ತಿದ್ದಾನೆ. ಏನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ನಿಮ್ಮ ತಮ್ಮನ ಮಾತನ್ನು ನೋಡೋಣ. 1963ರ ಕಾಲಮಿತಿ ಕಾಯ್ದೆಯ 12 ವರ್ಷಗಳ ನಿಯಮ ಅನ್ವಯಿಸುವುದು, ಮಾಲೀಕರ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ಆಸ್ತಿಯನ್ನು ವಶದಲ್ಲಿಟ್ಟುಕೊಂಡವರಿಗೆ. ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದವರು ಎಷ್ಟು ವರ್ಷ ಇದ್ದರೂ, ಇದ್ದ ಮಾತ್ರಕ್ಕೆ ಒಡೆಯರಾಗುವುದಿಲ್ಲ. ಆ ಒಪ್ಪಿಗೆ ಬರವಣಿಗೆಯಲ್ಲಿರುವುದೇ ನಿಮ್ಮ ರಕ್ಷಣೆ. ನೀವೂ ಅದೇ ಮನೆಯಲ್ಲಿ ವಾಸವಿದ್ದು ಒಂದು ಕೋಣೆಯನ್ನಷ್ಟೇ ಬಳಸಲು ಕೊಡುವುದರಿಂದ ‘ಲೀವ್ ಅಂಡ್ ಲೈಸೆನ್ಸ್’ ಕರಾರು, ಅಂದರೆ ಸ್ವಾಧೀನ ಬಿಟ್ಟುಕೊಡದೆ ಬಳಸಲು ಅನುಮತಿಯನ್ನಷ್ಟೇ ಕೊಡುವ ಒಪ್ಪಂದ, ನಿಮಗೆ ಹೊಂದುತ್ತದೆ. ಕಾಗದಕ್ಕೆ ಆ ಹೆಸರಿಟ್ಟ ಮಾತ್ರಕ್ಕೆ ಸಾಲದು. ಮನೆಯ ಸ್ವಾಧೀನ ನಿಮ್ಮಲ್ಲೇ ಉಳಿದಿರುವುದು ಅದರಲ್ಲಿ ಸ್ಪಷ್ಟವಾಗಿರಬೇಕಾದ್ದರಿಂದ ಸ್ಥಳೀಯ ವಕೀಲರಿಂದಲೇ ಬರೆಸಿ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ 11 ತಿಂಗಳ ಅವಧಿ ರೂಢಿಗೆ ಬಂದಿದೆ; ನೀವೂ ಅಷ್ಟೇ ಅವಧಿ ಇಟ್ಟುಕೊಳ್ಳಬಹುದು.

ನನಗೆ ನಿಜವಾಗಿ ಚಿಂತೆಯಾಗಿರುವುದು ನಿಮ್ಮ ಪತ್ರದ ಬೇರೆ ಎರಡು ಸಂಗತಿಗಳ ಬಗ್ಗೆ. ನಿಮಗೆ ಭಯವಿರುವುದು ರಾತ್ರಿಯ ಹೊತ್ತು. ಬರಲಿರುವವರು ಆಸ್ಪತ್ರೆಯ ನರ್ಸ್. ಅವರಿಗೆ ತಿಂಗಳಲ್ಲಿ ಎಷ್ಟು ದಿನ ರಾತ್ರಿ ಪಾಳಿ ಇರುತ್ತದೆ ಎಂದು ಕೇಳಿದ್ದೀರಾ? ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ಅರ್ಧ ತಿಂಗಳು ರಾತ್ರಿ ಹೊರಗಿದ್ದು ಹಗಲು ನಿದ್ದೆ ಮಾಡಬೇಕಾದವರು ನಿಮ್ಮ ಅಗತ್ಯಕ್ಕೆ ಹೊಂದಲಾರರು. ಹಗಲು ನಿಮ್ಮ ಮನೆಯ ಮಿಕ್ಸಿಯ ಸದ್ದು, ಬಂದುಹೋಗುವವರ ಮಾತು ಅವರಿಗೂ ಕಷ್ಟವೇ. ಪಾಳಿ ಹೊಂದದಿದ್ದರೆ ತುಮಕೂರು ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿನಿಯೋ, ಹಗಲಿನ ಕೆಲಸದ ಶಿಕ್ಷಕಿಯೋ ಸಿಗುತ್ತಾರೇನೋ ವಿಚಾರಿಸಿ.

ಎರಡನೆಯದು ಬಾಡಿಗೆಯನ್ನೂ ಮನೆಗೆಲಸವನ್ನೂ ಬೆರೆಸುವ ಸಲಹೆ. ಇದು ಹೊಸ ಕ್ರಮವೇನಲ್ಲ. ಅಮೆರಿಕದಲ್ಲಿ ವೃದ್ಧರ ಹಕ್ಕುಗಳಿಗಾಗಿ ಹೋರಾಡಿದ ಮ್ಯಾಗಿ ಕೂನ್ ತಮ್ಮ ಫಿಲಡೆಲ್ಫಿಯಾದ ಮನೆಯನ್ನು ಕಿರಿಯರೊಂದಿಗೆ ಹಂಚಿಕೊಂಡು ಬಾಳಿದರು. ಬ್ರಿಟನ್ನಿನ ‘ಹೋಂಶೇರ್’ ವ್ಯವಸ್ಥೆಯಲ್ಲಿ ಹಿರಿಯರ ಮನೆಗೆ ಬಂದಿರುವವರು ವಾರಕ್ಕೆ ಸುಮಾರು 10 ಗಂಟೆ ನೆರವಾಗುತ್ತಾರೆ. ಸ್ನಾನ ಮಾಡಿಸುವಂಥ ಶುಶ್ರೂಷೆ ಅದರಲ್ಲಿ ಸೇರುವುದಿಲ್ಲ. ಅಲ್ಲಿ ಈ ಗೆರೆ ಇರುವುದರಿಂದಲೇ ಇಬ್ಬರಿಗೂ ನೆಮ್ಮದಿ. ಅವರು ನರ್ಸ್ ಎಂಬ ಕಾರಣಕ್ಕೆ ಬಿ.ಪಿ. ನೋಡಿ, ಇಂಜೆಕ್ಷನ್ ಕೊಡಿ, ಮಧ್ಯರಾತ್ರಿ ಎದ್ದು ಬನ್ನಿ ಎಂದು ಕೇಳುವುದು ನಿಧಾನವಾಗಿ ಅಭ್ಯಾಸವಾಗಿಬಿಡುತ್ತದೆ. ಆಗ ಅವರು ಸಂಬಳವಿಲ್ಲದ ಆಳಾಗುತ್ತಾರೆ. ಆದ್ದರಿಂದ ಆ ಪ್ರದೇಶದಲ್ಲಿ ನಡೆಯುವ ಬಾಡಿಗೆ ಎಷ್ಟು, ನೀವು ಎಷ್ಟು ಬಿಡುತ್ತೀರಿ, ಅದಕ್ಕೆ ಪ್ರತಿಯಾಗಿ ವಾರಕ್ಕೆ ಎಷ್ಟು ಗಂಟೆ, ಯಾವ ಕೆಲಸ ಎಂಬುದನ್ನು ಬರೆದಿಡಿ. ಜೊತೆಗೆ ಕೂತು ಕಾಫಿ ಕುಡಿಯುವುದನ್ನು, ಕಷ್ಟಸುಖ ಮಾತಾಡುವುದನ್ನು ಆ ಲೆಕ್ಕಕ್ಕೆ ತರಬೇಡಿ. ಅದು ತಾನಾಗಿ ಬರಬೇಕು.

ಇನ್ನು ಆಯ್ಕೆಯ ಮಾತು. ನಮ್ಮಲ್ಲಿ ಮನೆ ಕೊಡುವ ಮುನ್ನ ಮೊದಲು ಕೇಳುವುದೇ ಜಾತಿ. ಇದು ತಪ್ಪೆಂದು ನಾನು ನೇರವಾಗಿಯೇ ಹೇಳುತ್ತೇನೆ. ಒಂದೇ ಸೂರಿನಡಿ ಇಬ್ಬರು ಹೊಂದುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎಷ್ಟು ಹೊತ್ತಿಗೆ ಏಳುತ್ತಾರೆ, ಟಿ.ವಿ. ಎಷ್ಟು ಹೊತ್ತು ಬೇಕು, ನೆಂಟರು ಬಂದು ಉಳಿಯುವುದುಂಟೆ, ಮಾಂಸದಡುಗೆಯ ಬಗ್ಗೆ ಇಬ್ಬರ ನಿಲುವೇನು ಎಂಬುದನ್ನು ಸಂಕೋಚವಿಲ್ಲದೆ ಕೇಳಿ, ನಿಮ್ಮದನ್ನೂ ಹೇಳಿ. ಹೇಮಾವತಿ ನೀರು ನಲ್ಲಿಗೆ ಬಂದಾಗ ಸಂಪು ತುಂಬಿಸುವ ಹೊಣೆ ಯಾರದು ಎಂಬಂಥ ಸಣ್ಣ ಸಂಗತಿಯಿಂದಲೇ ಮನಸ್ತಾಪ ಹುಟ್ಟುತ್ತದೆ. ಗೃಹಜ್ಯೋತಿಯ ಸೌಲಭ್ಯ ನಿಮಗಿದ್ದರೆ, ಇನ್ನೊಬ್ಬರು ಬಂದ ಮೇಲೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಅದನ್ನು ಹೇಗೆ ಹಂಚಿಕೊಳ್ಳುವಿರೆಂದು ಮೊದಲೇ ಮಾತಾಡಿಕೊಳ್ಳಿ.

ಮುಂಗಡ ಹೆಚ್ಚು ಕೇಳಬೇಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮಿತಿಯಾಗಿಟ್ಟಿದೆ. ಆಧಾರ್ ಮತ್ತು ಕೆಲಸದ ಗುರುತಿನ ಚೀಟಿಯ ಪ್ರತಿ ಪಡೆದು, ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ನಿಮ್ಮ ಮಗನ ಫೋನ್ ನಂಬರನ್ನು ಅವರಿಗೂ, ಅವರ ಮನೆಯವರ ನಂಬರನ್ನು ನಿಮ್ಮ ಮಗನಿಗೂ ಕೊಡಿ. ಮೊದಲ ಒಂದು ತಿಂಗಳನ್ನು ಪರೀಕ್ಷೆಯ ಅವಧಿಯೆಂದು ಕರಾರಿನಲ್ಲೇ ಬರೆಸಿ. ಆಮೇಲೆ ಬೇರೆಯಾಗಬೇಕೆನಿಸಿದರೆ ಯಾರೇ ಆದರೂ ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕೆಂಬ ಷರತ್ತೂ ಅದರಲ್ಲಿರಲಿ.