ಅವ್ರು ಬರ್ಲಿ ಬಿಡ್ಲಿ, ನೀವು ಸೇರ್ಕೊಳಿ ಅಕ್ಕ

ಅಕ್ಕ, ಗಂಡನ ಸೆಕ್ಸ್ ಅಡಿಕ್ಷನ್‌ಗೆ ಚಿಕ್ಕಮಗಳೂರಲ್ಲಿ ಗ್ರೂಪ್ ಸಿಗುತ್ತಾ, ಹೆಂಡ್ತೀರಿಗೂ ಏನಾದ್ರೂ ಇದ್ಯಾ ಅಂತ ಕೇಳಿದ್ದೀರ. ನಾನು ಹಾಸನದೋಳು, ನಮ್ಮನೇಲೂ ಇದೇ ಆಗಿದ್ದು. ನಮ್ಮಂಥ ಊರಲ್ಲಿ ಮೀಟಿಂಗ್ ಬಾಗಿಲಲ್ಲಿ ನೆಂಟರೇ ಸಿಕ್ಬಿಟ್ರೆ ಅನ್ನೋ ಭಯ ಬೇರೆ, ಅದಕ್ಕೆ ಆನ್‌ಲೈನ್ ಮೀಟಿಂಗೇ ವಾಸಿ.

ಅವ್ರಿಗೆ ಸೆಕ್ಸ್ ಅಡಿಕ್ಟ್ಸ್ ಅನಾನಿಮಸ್ ಇದೆ, ಸೆಕ್ಸಾಹಾಲಿಕ್ಸ್ ಅನಾನಿಮಸ್ ಇದೆ, ಕುಡಿತ ಬಿಡೋರ ಎಎ ಥರಾನೇ 12 ಹೆಜ್ಜೆ, ಫೀಸಿಲ್ಲ, ಪೂರ್ತಿ ಹೆಸರು ಹೇಳ್ಬೇಕಾಗಿಲ್ಲ. ನಿಮ್ಗೆ ಎಸ್-ಅನಾನ್ ಇಲ್ಲಾ ಕೋಸಾ, ಇವೆರಡೂ ಅಂಥೋರ ಮನೆಯವ್ರಿಗೆ ಅಂತಾನೇ ಇರೋ ಗ್ರೂಪು. ಅವ್ರು ಒಪ್ಪೋವರ್ಗೂ ಕಾಯ್ಬೇಡಿ, ನಾನು ಕಾದು ಎರಡು ವರ್ಷ ಕಳ್ಕೊಂಡೆ. ಮೊದಲ್ನೇ ಸಲ ಸೇರಿದ್ದು ರಾತ್ರಿ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು, ಕ್ಯಾಮೆರಾ ಆಫ್, ಒಂದು ಮಾತೂ ಆಡ್ಲಿಲ್ಲ, ಯಾರೋ ಒಬ್ರು ದಿನಾ ಗಂಡನ ಫೋನ್ ತಡಕ್ತಿದ್ದೆ ಅಂದಾಗ ಸೆರಗು ಬಾಯಿಗೆ ಒತ್ಕೊಂಡು ಅತ್ತೆ. ಇದು ನಿಮ್ಮಿಂದ ಆಗಿದ್ದಲ್ಲ, ನೀವು ಕಾವಲು ಕಾದ್ರೆ ನಿಲ್ಲೋದೂ ಅಲ್ಲ ಅನ್ನೋದು ಅಲ್ಲೇ ನಂಗೆ ಅರ್ಥ ಆಗಿದ್ದು. ಇಂಗ್ಲಿಷ್ ಜಾಸ್ತಿ ಇರುತ್ತೆ, ಬರ್ದಿದ್ರೆ ಸುಮ್ನೆ ಕೇಳಿ ಸಾಕು.

ಕನ್ನಡದಲ್ಲೇ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಹಗಲು ರಾತ್ರಿ ಯಾವಾಗ್ಬೇಕಾದ್ರೂ. ಗ್ರೂಪ್ ಜೊತೆಗೆ ಸೈಕಿಯಾಟ್ರಿಸ್ಟ್‌ನೂ ತೋರ್ಸಿ, ಹಿಡಿತಕ್ಕೆ ಸಿಗದ ಲೈಂಗಿಕ ನಡವಳಿಕೆನ ಡಬ್ಲ್ಯೂಎಚ್‌ಒ ತನ್ನ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಕಾಯಿಲೆ ಅಂತಾನೇ ಸೇರ್ಸಿದೆ, ನಾಚ್ಕೊಳೋದೇನಿಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್‌ನಲ್ಲಿ ಮಾನಸಿಕ ವಿಭಾಗ ಇದೆ.

ಇನ್ನೊಂದು ವಿಷ್ಯ, ಅವ್ರು ಹೊರಗಡೆ ಸಂಬಂಧ ಇಟ್ಕೊಂಡಿದ್ರೆ ನೀವೂ ಎಚ್‌ಐವಿ, ಸಿಫಿಲಿಸ್ ಟೆಸ್ಟ್ ಮಾಡಿಸ್ಕೊಳಿ. ಜಿಲ್ಲಾಸ್ಪತ್ರೆ ಐಸಿಟಿಸಿಲಿ, ಅಂದ್ರೆ ಸಲಹೆ ಕೊಟ್ಟು ಟೆಸ್ಟ್ ಮಾಡೋ ಕೇಂದ್ರದಲ್ಲಿ, ಎಚ್‌ಐವಿ ಟೆಸ್ಟ್ ಫ್ರೀ, ಗುಟ್ಟಾಗಿ ಇಡ್ತಾರೆ. ಒಬ್ರೇ ಹೋಗೋಕೆ ಭಯ ಆದ್ರೆ ಹೇಳಿ, ನಾನು ಬರ್ತೀನಿ.