2008ರಲ್ಲಿ ಅಮೆರಿಕ ಕಡಲ ತೈಲ ಕೊರೆತದ ನಿಷೇಧ ತೆಗೆದ ಮೇಲೆ ಪೆಟ್ರೋಲ್ ಅಗ್ಗವಾಯಿತೇ?

ಅಗ್ಗವಾಯಿತು, ಆದರೆ ನಿಷೇಧ ತೆಗೆದಿದ್ದಕ್ಕಲ್ಲ.

ಆ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು, ಮೇಲಾಗಿ ಚುನಾವಣೆಯ ವರ್ಷ. ಅಮೆರಿಕದ ಬಹುಪಾಲು ಕರಾವಳಿಗೆ ಆಗ ಎರಡು ಬೀಗ: 1980ರ ದಶಕದ ಆರಂಭದಿಂದ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಪ್ರತಿವರ್ಷ ಬಜೆಟ್ ಮಸೂದೆಯಲ್ಲಿ ಸೇರಿಸುತ್ತಿದ್ದ ಕೊರೆತ ತಡೆಯುವ ಷರತ್ತು, ಮತ್ತು 1990ರಲ್ಲಿ ಅಧ್ಯಕ್ಷ ಹಿರಿಯ ಬುಷ್ ಹೊರಡಿಸಿದ ಆದೇಶ. 1969ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ ಸಾಂತಾ ಬಾರ್ಬರಾದಲ್ಲಾದ ತೈಲ ಸೋರಿಕೆಯನ್ನು ಜನ ಮರೆತಿರಲಿಲ್ಲ. 2008ರ ಜುಲೈ 14ರಂದು ಆಗಿನ ಅಧ್ಯಕ್ಷ ಮಗ ಬುಷ್ ಅಪ್ಪನ ಆದೇಶ ರದ್ದು ಮಾಡಿದರು. ಸೆಪ್ಟೆಂಬರ್ ಕೊನೆಗೆ ಕಾಂಗ್ರೆಸ್ಸೂ ತನ್ನ ಷರತ್ತನ್ನು ಕೈಬಿಟ್ಟಿತು.

ಡಿಸೆಂಬರ್‌ಗೆ ಬೆಲೆ 40 ಡಾಲರ್‌ಗಿಂತ ಕೆಳಗೆ ಬಂತು. ಅದು ಆರ್ಥಿಕ ಕುಸಿತದ ಫಲ. ಹೊಸ ಬಾವಿಯಿಂದ ಒಂದು ಹನಿಯೂ ಬಂದಿರಲಿಲ್ಲ. ಗುತ್ತಿಗೆ ಹರಾಜು, ಸಮೀಕ್ಷೆ, ಪರೀಕ್ಷಾ ಕೊರೆತ, ಪೈಪ್‌ಲೈನ್ ಎಂದು ವರ್ಷಗಟ್ಟಲೆ ಹಿಡಿಯುವ ಕೆಲಸವಿದು. 2030ಕ್ಕೆ ಮೊದಲು ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು ಎಂದು ಸರ್ಕಾರದ್ದೇ ಇಂಧನ ಮಾಹಿತಿ ಸಂಸ್ಥೆ 2007ರಲ್ಲೇ ಅಂದಾಜಿಸಿತ್ತು. ಉದ್ಯೋಗ, ರಾಯಲ್ಟಿ, ಆಮದು ತಗ್ಗುವುದು ಎಂಬ ಬೆಂಬಲಿಗರ ವಾದದಲ್ಲಿ ಹುರುಳಿದೆ. ಬಂಕಿನ ದರ ತೋರಿಸಿ ಓಟು ಕೇಳಿದ್ದು ಮಾತ್ರ ನನಗೆ ಬರೀ ಗಿಮಿಕ್ ಅನ್ನಿಸುತ್ತದೆ.

ಇದು ನೇರವಾಗಿ ಪಕ್ಷಗಳ ಜಗಳವೂ ಅಲ್ಲ. 2010ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್‌ನ ಒಂದು ಭಾಗ ತೆರೆಯಲು ಹೊರಟವರು ಡೆಮಾಕ್ರಟ್ ಒಬಾಮಾ. ಮರುತಿಂಗಳೇ ಮೆಕ್ಸಿಕೊ ಕೊಲ್ಲಿಯ ತೈಲ ಕೊರೆತದ ವೇದಿಕೆ ಡೀಪ್‌ವಾಟರ್ ಹೊರೈಜನ್ ಸ್ಫೋಟಿಸಿ 11 ಕಾರ್ಮಿಕರು ಸತ್ತರು, ಯೋಜನೆ ಕೈಬಿಟ್ಟರು. ಕೊರೆತದ ಪರವಾಗಿಯೇ ಮಾತಾಡುವ ರಿಪಬ್ಲಿಕನ್ ಟ್ರಂಪ್ 2020ರ ಚುನಾವಣೆಗೆ ಮುನ್ನ ಪ್ರವಾಸೋದ್ಯಮ ನೆಚ್ಚಿದ ಫ್ಲಾರಿಡಾದ ಕಡಲಿಗೆ 2032ರವರೆಗೆ ನಿಷೇಧ ವಿಸ್ತರಿಸಿದರು.